ಅಣಬೆಯ ಗುರುತಿಗೆ ಅಡ್ಡದಾರಿ ಇಲ್ಲ

ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣುವ ಒಂದು ಮಾತಿದೆ: ‘ನಾಯಿಕೊಡೆಗಳಂತೆ ತಲೆಯೆತ್ತಿವೆ’. ಅನಧಿಕೃತ ಬಡಾವಣೆಗಳಿರಲಿ, ಟ್ಯುಟೋರಿಯಲ್‌ಗಳಿರಲಿ, ಚುನಾವಣೆಯ ಹೊಸ್ತಿಲಲ್ಲಿ ಹುಟ್ಟುವ ಪಕ್ಷಗಳಿರಲಿ, ಎಲ್ಲವೂ ನಾಯಿಕೊಡೆಗಳಂತೆಯೇ ತಲೆಯೆತ್ತುತ್ತವೆ. ಬುಡವಿಲ್ಲದೆ, ರಾತ್ರಿ ಬೆಳಗಾಗುವುದರೊಳಗೆ, ಎಲ್ಲೆಂದರಲ್ಲಿ ಹುಟ್ಟಿಕೊಂಡದ್ದು ಎಂಬುದು ಈ ಮಾತಿನ ಇಂಗಿತ.

ಇಂದಿನ ಮಾತು ಆ ನಾಯಿಕೊಡೆಯನ್ನೇ ಕುರಿತದ್ದು. ಅದರ ಮೇಲೆ ಹೊರಿಸಿರುವ ಈ ಮೂರು ಆರೋಪಗಳೂ ಸುಳ್ಳು. ಅಣಬೆಗೆ ಬುಡವಿದೆ. ಅದು ಒಂದು ರಾತ್ರಿಯ ಬೆಳೆಯಲ್ಲ. ಎಲ್ಲೆಂದರಲ್ಲಿ ಹುಟ್ಟುವುದಂತೂ ಇಲ್ಲವೇ ಇಲ್ಲ. ಇದು ಬರಿಯ ಭಾಷೆಯ ತಪ್ಪಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ಅಣಬೆಯನ್ನು ಕುರಿತ ತಪ್ಪು ತಿಳಿವಳಿಕೆ ಮಳೆಗಾಲದಲ್ಲಿ ಊಟದ ತಟ್ಟೆಯವರೆಗೂ ಬರುತ್ತದೆ. ಕೆಲವೊಮ್ಮೆ ಇಡೀ ಮನೆಯನ್ನೇ ಆಸ್ಪತ್ರೆಗೆ ಕಳಿಸುತ್ತದೆ. 2022ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕಡೆಯವರು. ಸೊಪ್ಪು, ಗೆಡ್ಡೆ, ಅಣಬೆಗಳನ್ನು ಹೆಕ್ಕಿ ತಂದು ಅಡುಗೆ ಮಾಡುವುದು ಆ ಜನರಿಗೆ ಹೊಸತೇನಲ್ಲ. ಹಾಗಿದ್ದೂ ಹೀಗೇಕಾಯಿತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗಬೇಕು.

ಕಾಣುವುದು ಹಣ್ಣು, ಕಾಣದ್ದು ಮರ

ಅಣಬೆ ಎಂದು ಕರೆಯುವುದು ಶಿಲೀಂಧ್ರದ ಒಂದು ಭಾಗವನ್ನು ಮಾತ್ರ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ, ಶಿಲೀಂಧ್ರಕ್ಕೆ ಅಣಬೆ ಹಾಗೆ. ವ್ಯತ್ಯಾಸವೆಂದರೆ, ಇಲ್ಲಿ ಮರ ಕಣ್ಣಿಗೆ ಬೀಳುವುದಿಲ್ಲ. ಅದು ಮಣ್ಣಿನೊಳಗೆ, ಕೊಳೆತ ದಿಮ್ಮಿಯೊಳಗೆ, ತರಗೆಲೆಯ ಅಡಿಯಲ್ಲಿ ದಾರಕ್ಕಿಂತ ಸೂಕ್ಷ್ಮವಾದ ಬಿಳಿಯ ಎಳೆಗಳ ಜಾಲವಾಗಿ ಹರಡಿಕೊಂಡಿರುತ್ತದೆ. ಆ ಜಾಲ ತಿಂಗಳುಗಟ್ಟಲೆ, ಎಷ್ಟೋ ವೇಳೆ ವರ್ಷಗಟ್ಟಲೆ ಕೆಲಸ ಮಾಡಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ತೇವ, ಉಷ್ಣತೆ ಎಲ್ಲವೂ ಹದಕ್ಕೆ ಬಂದ ದಿನ ನೀರು ಹೀರಿ ಉಬ್ಬಿ ಮೇಲೆ ಬರುತ್ತದೆ. ರಾತ್ರಿ ಬೆಳಗಾಗುವುದರೊಳಗೆ ನಡೆಯುವುದು ಈ ಕೊನೆಯ ಅಂಕ ಮಾತ್ರ.

ಆ ಕೊಡೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ಜೋಡಿಸಿದ ಪದರುಗಳು ಕಾಣುತ್ತವೆ. ಅವುಗಳ ಮೇಲೆ ಬೀಜಕಣಗಳು ಬೆಳೆಯುತ್ತವೆ. ಗಾಳಿಗೆ ಅವನ್ನು ತೂರಿಬಿಡುವುದೇ ಕೊಡೆ ಎತ್ತಿ ನಿಲ್ಲುವುದರ ಉದ್ದೇಶ.

ಶಿಲೀಂಧ್ರ ಸಸ್ಯವಲ್ಲ. ಅದಕ್ಕೆ ಹಸಿರಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಬರುವುದಿಲ್ಲ. ಹಾಗಾಗಿ ಅದು ಬದುಕಲು ಇನ್ನೊಂದನ್ನು ಅವಲಂಬಿಸಲೇಬೇಕು. ಕೆಲವು ಸತ್ತ ಮರವನ್ನು ಕೊಳೆಸಿ ಬದುಕುತ್ತವೆ. ಕೆಲವು ಜೀವಂತ ಮರದ ಬೇರಿನ ಜೊತೆ ಕೊಡುಕೊಳ್ಳುವ ಸಂಬಂಧ ಬೆಳೆಸುತ್ತವೆ. ಮರಕ್ಕೆ ನೀರು, ಲವಣ ಒದಗಿಸಿ ಅದರಿಂದ ಸಕ್ಕರೆ ಪಡೆಯುತ್ತವೆ. ಮತ್ತೆ ಕೆಲವು ಕೀಟಗಳನ್ನು ನೆಚ್ಚಿಕೊಂಡಿವೆ. ಪ್ರತಿಯೊಂದು ಅಣಬೆಗೂ ತನ್ನದೇ ಆದ ನೆಲೆಯಿದೆ ಎಂಬುದು ಇದರಿಂದ ಸ್ಪಷ್ಟ. ಅದನ್ನು ಗುರುತಿಸುವ ವಿದ್ಯೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹುತ್ತದೊಳಗಿನ ತೋಟ

ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಕೊಡಗಿನಲ್ಲಿ ಅಣಬೆ ಮಳೆಗಾಲದ ಬಹು ನಿರೀಕ್ಷೆಯ ಅತಿಥಿ. ಕರಾವಳಿಯ ಕನ್ನಡದಲ್ಲಿ ಅಳಂಬೆ, ತುಳುವಿನಲ್ಲಿ ಲಾಂಬು, ಕೊಡವ ಭಾಷೆಯಲ್ಲಿ ಕುಮ್ಮು. ಆಟಿ ತಿಂಗಳೆಂದರೆ ಕಣಿಲೆ, ತಜಂಕ್, ಕೆಸುವಿನ ಜೊತೆಗೆ ಅಣಬೆಯ ನೆನಪೂ ಬರುತ್ತದೆ. ಗುಡುಗು ಬಿದ್ದರೆ ಅಣಬೆ ಏಳುತ್ತದೆ ಎಂಬ ನಂಬಿಕೆಯೂ ಹಳೆಯದು. ಗುಡುಗು ಮಳೆಯ ಮುನ್ಸೂಚನೆ. ಮಳೆ ಬಿದ್ದು ನೆಲ ನೆನೆದಾಗ ಅಣಬೆ ಏಳುವುದು ಸಹಜ. ಹಾಗಾಗಿ ಈ ಲೆಕ್ಕ ವ್ಯವಹಾರಕ್ಕೆ ಸರಿಯಾಗಿಯೇ ಹೊಂದುತ್ತದೆ.

ಈ ಅಣಬೆಗಳಲ್ಲೆಲ್ಲ ಹೆಚ್ಚಿನ ಮರ್ಯಾದೆ ಹುತ್ತದ ಅಣಬೆಗೆ. ಅದರ ಕಥೆ ಸ್ವಾರಸ್ಯಕರವಾದದ್ದು. ಗೆದ್ದಲುಗಳಲ್ಲಿ ಒಂದು ಗುಂಪು ಹುತ್ತದ ಒಳಗೆ ಶಿಲೀಂಧ್ರದ ತೋಟವನ್ನೇ ಮಾಡುತ್ತದೆ. ಕೆಲಸಗಾರ ಗೆದ್ದಲುಗಳು ಒಣಗಿದ ಮರ, ತರಗೆಲೆಗಳನ್ನು ತಿಂದು, ಅರ್ಧ ಜೀರ್ಣವಾದ ಆ ವಸ್ತುವಿನಿಂದ ಸ್ಪಂಜಿನಂಥ ಗೂಡು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಸುಲಭವಾಗಿ ಕರಗದ ಮರದ ನಾರನ್ನು ಶಿಲೀಂಧ್ರ ಕರಗಿಸಿಕೊಡುತ್ತದೆ. ಗೆದ್ದಲು ಅದನ್ನು ಉಣ್ಣುತ್ತದೆ. ಪ್ರತಿಯಾಗಿ ಶಿಲೀಂಧ್ರಕ್ಕೆ ಸಿಗುವುದು ತೇವ ಆರದ, ಶತ್ರುಗಳಿಲ್ಲದ ಮನೆ. ಈ ಒಪ್ಪಂದ ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ವಿಜ್ಞಾನಿಗಳ ಅಂದಾಜು. ಮನುಷ್ಯ ಬೇಸಾಯ ಕಲಿತದ್ದು ಹತ್ತು ಹನ್ನೆರಡು ಸಾವಿರ ವರ್ಷಗಳ ಈಚೆಗೆ.

ಗೆದ್ದಲಿನ ಈ ತೋಟವನ್ನು ಮೊದಲು ಬರಹದಲ್ಲಿ ದಾಖಲಿಸಿದವರಲ್ಲಿ ಒಬ್ಬ, ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ ಯೋಹಾನ್ ಗೆರ್ಹಾರ್ಡ್ ಕೋನಿಗ್. ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಶಿಷ್ಯನಾಗಿದ್ದ ಈತ ತಂಜಾವೂರಿನ ಕಡೆಯ ಗೆದ್ದಲುಗಳನ್ನು ಕುರಿತು 1779ರಲ್ಲಿ ಬರೆದ. 1906ರಲ್ಲಿ ಸಿಲೋನಿನ ಥಾಮಸ್ ಪೆಚ್ ಹುತ್ತದ ಶಿಲೀಂಧ್ರಗಳ ಬಗೆಗೆ ವಿವರವಾದ ಪ್ರಬಂಧ ಪ್ರಕಟಿಸಿದ. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ ‘ಟರ್ಮಿಟೋಮೈಸಿಸ್’ ಎಂದು ಹೆಸರಿಟ್ಟ. ಗೆದ್ದಲಿನ ಶಿಲೀಂಧ್ರ ಎಂದೇ ಅದರ ಅರ್ಥ. ಹುತ್ತದ ಅಣಬೆ ಎಂಬ ನಮ್ಮ ಹಳ್ಳಿಯ ಹೆಸರೂ ಅದನ್ನೇ ಹೇಳುತ್ತದೆ. ಪಶ್ಚಿಮ ಘಟ್ಟ ಮತ್ತು ಕರಾವಳಿಯಲ್ಲಿ ಈ ಕುಲದ ಹಲವು ಪ್ರಭೇದಗಳಿವೆ; ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅವನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ.

ಈಗ ಹಳ್ಳಿಯ ಅಜ್ಜಿಯೊಬ್ಬರು ಹುತ್ತದ ಅಣಬೆಯನ್ನು ಹೇಗೆ ಗುರುತಿಸುತ್ತಾರೆಂದು ನೋಡಿ. ಮೊದಲನೆಯದು ಜಾಗ. ಹಿಂದಿನ ವರ್ಷ ಎದ್ದಲ್ಲಿಯೇ ಈ ವರ್ಷವೂ ಏಳುತ್ತದೆ. ಏಕೆಂದರೆ ನೆಲದಡಿಯ ಗೂಡು ಅಲ್ಲಿಯೇ ಇದೆ. ಈ ಜಾಗವನ್ನು ಅವರು ಅಕ್ಕಪಕ್ಕದವರಿಗೆ ಸುಲಭವಾಗಿ ಹೇಳುವುದಿಲ್ಲ. ಎರಡನೆಯದು ಕಾಲ: ಮುಂಗಾರು ಹಿಡಿದು ಎಷ್ಟು ದಿನವಾಯಿತು, ನಡುವೆ ಬಿಸಿಲು ಬಂತೆ ಎಂಬ ಲೆಕ್ಕ. ಮೂರನೆಯದು ಮೊನೆ. ಗಟ್ಟಿ ಮಣ್ಣನ್ನು ಸೀಳಿಕೊಂಡು ಬರಬೇಕಾದ್ದರಿಂದ ಈ ಅಣಬೆಯ ಕೊಡೆಯ ನೆತ್ತಿಯಲ್ಲಿ ಚೂಪಾದ ಉಬ್ಬಿರುತ್ತದೆ. ನಾಲ್ಕನೆಯದು ಬೇರು. ಮೆಲ್ಲನೆ ಅಗೆಯುತ್ತ ಹೋದರೆ ಅದರ ದಂಟು ಸಣ್ಣದಾಗುತ್ತ, ಬೇರಿನಂತೆ ಆಳಕ್ಕೆ ಇಳಿದು, ಕೊನೆಗೆ ಗೆದ್ದಲಿನ ಗೂಡನ್ನೇ ಮುಟ್ಟುತ್ತದೆ. ಬುಡದಲ್ಲಿ ಚೀಲದಂಥ ಪೊರೆ ಇರುವುದಿಲ್ಲ.

ಈ ನಾಲ್ಕನ್ನೂ ಕೂಡಿಸಿ ನೋಡುವುದು ಅಜ್ಜಿಯ ಕ್ರಮ. ಯಾವುದೋ ಒಂದು ಲಕ್ಷಣ ನೋಡಿ ಅವರು ಬುಟ್ಟಿಗೆ ಹಾಕುವುದಿಲ್ಲ. ವಿಜ್ಞಾನಿ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಸೂಕ್ಷ್ಮದರ್ಶಕವೊಂದು ಹೆಚ್ಚು, ಅಷ್ಟೆ.

ಕಲ್ಲಣಬೆಯ ಮಾತೂ ಹಾಗೆಯೇ. ಕಾರ್ಕಳ, ಬೆಳ್ತಂಗಡಿ ಕಡೆ ಮಳೆ ಶುರುವಾದೊಡನೆ ಕುರುಚಲು ಕಾಡಿನ ಮುರಕಲ್ಲು ಮಣ್ಣನ್ನು ಕೆದಕಿ ಗೋಲಿಯಂಥ ಉಂಡೆಗಳನ್ನು ತೆಗೆಯುತ್ತಾರೆ. ಕಲ್ಲಲಾಂಬು ಎಂಬ ಹೆಸರಿನಲ್ಲಿ ಅದಕ್ಕೆ ಪೇಟೆಯಲ್ಲಿ ಒಳ್ಳೆಯ ಬೆಲೆಯಿದೆ. ಇದಕ್ಕೆ ಕೊಡೆಯೂ ಇಲ್ಲ, ದಂಟೂ ಇಲ್ಲ. ಕಾಡುಮರಗಳ ಬೇರಿನೊಂದಿಗೆ ಸಂಬಂಧ ಇಟ್ಟುಕೊಂಡ ಶಿಲೀಂಧ್ರ ಇದು. ಬಲ್ಲವರು ಅದನ್ನು ಎರಡು ಹೋಳು ಮಾಡಿ ನೋಡುತ್ತಾರೆ. ಒಳಗೆ ಅಚ್ಚ ಬಿಳುಪಾಗಿದ್ದರೆ ಎಳೆಯದು. ಬಲಿತರೆ ಒಳಗೆಲ್ಲ ಕಪ್ಪು ಪುಡಿ. ಇದನ್ನೇ ಹೋಲುವ, ತಿಂದರೆ ವಾಂತಿ ತರಿಸುವ ಉಂಡೆ ಅಣಬೆಗಳೂ ಇವೆ. ಅಷ್ಟೇ ಅಲ್ಲ, ಕೆಲವು ವಿಷದ ಅಣಬೆಗಳು ಎಳೆಯದರಲ್ಲಿ ಮೊಟ್ಟೆಯಂತೆಯೇ ಇರುತ್ತವೆ. ಉದ್ದಕ್ಕೆ ಸೀಳಿದಾಗ ಒಳಗೆ ಪುಟ್ಟ ಕೊಡೆಯ ಆಕಾರ ಕಂಡರೆ ಅದು ಕಲ್ಲಣಬೆ ಅಲ್ಲವೇ ಅಲ್ಲ.

ಗ್ರಂಥಕ್ಕೆ ಬಾರದ ವಿದ್ಯೆ

ಇಷ್ಟೊಂದು ಸೂಕ್ಷ್ಮವಾದ ತಿಳಿವಳಿಕೆ ನಮ್ಮ ಗ್ರಂಥಗಳಲ್ಲಿ ಏಕೆ ಹೆಚ್ಚಾಗಿ ಕಾಣುವುದಿಲ್ಲ? ಬರೆಯಬಲ್ಲವರಿಗೆ ಇದು ವರ್ಜ್ಯವಾಗಿತ್ತೆಂಬುದು ಒಂದು ಕಾರಣವಿರಬೇಕು. ಮನುಸ್ಮೃತಿಯ 5ನೇ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲಿಯೇ ಅಣಬೆಯನ್ನೂ ಇಟ್ಟು ದ್ವಿಜರಿಗೆ ನಿಷೇಧಿಸುತ್ತದೆ. ಬುದ್ಧನಿಗೆ ಕಮ್ಮಾರ ಚುಂದ ಬಡಿಸಿದ ಕೊನೆಯ ಊಟದ ‘ಸೂಕರಮದ್ದವ’ ಎಂಬುದು ಹಂದಿಯ ಮಾಂಸವೋ, ಅಣಬೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ನಾಯಿಕೊಡೆ ಎಂಬ ಹೆಸರಿನಲ್ಲಿಯೇ ಒಂದು ತಾತ್ಸಾರವಿದೆ.

ಹೀಗೆ ಓದು ಬಲ್ಲವರು ದೂರವಿಟ್ಟದ್ದನ್ನು ಕಾಡಿನ ಅಂಚಿನ ಜನ, ಅದರಲ್ಲಿಯೂ ಹೆಂಗಸರು, ಉಳಿಸಿಕೊಂಡು ಬಂದರು. ಆ ವಿದ್ಯೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಬಂತು. ಬಾಯಿಂದ ಬಾಯಿಗೆ ಅನ್ನುವುದಕ್ಕಿಂತ ಹೆಜ್ಜೆಯಿಂದ ಹೆಜ್ಜೆಗೆ ಎನ್ನುವುದು ಹೆಚ್ಚು ಸರಿ. ಮಗು ಅಜ್ಜಿಯ ಹಿಂದೆ ಹೋಗಿ, ಅದೇ ಹುತ್ತದ ಬಳಿ, ಅದೇ ಮರದ ಬುಡದಲ್ಲಿ ಹತ್ತು ಮಳೆಗಾಲ ಕಂಡು ಕಲಿಯುವ ವಿದ್ಯೆ ಇದು.

ಇದರ ಬಲವೂ ಅಲ್ಲಿದೆ, ಮಿತಿಯೂ ಅಲ್ಲಿದೆ. ಈ ವಿದ್ಯೆ ಒಂದು ಊರಿನ ಕೆಲವೇ ಅಣಬೆಗಳನ್ನು ಕುರಿತದ್ದು. ಊರು ಬದಲಾದರೆ ಅದು ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬಾರದಿದ್ದರೆ ಹೋಗಲಿ, ಧೈರ್ಯ ಕೊಟ್ಟು ಮೋಸವನ್ನೇ ಮಾಡಬಹುದು.

ಅನ್ನ ಕೆಂಪಾಗಲಿಲ್ಲ

1981ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸೊನೋಮಾ ಪ್ರದೇಶದಲ್ಲಿ, ಲಾವೋಸ್ ದೇಶದಿಂದ ನಿರಾಶ್ರಿತರಾಗಿ ಬಂದಿದ್ದ ಕೆಲವರು ಕಾಡು ಅಣಬೆ ತಿಂದು ಆಸ್ಪತ್ರೆ ಸೇರಿದರು. ಅವರು ಅಜಾಗರೂಕರಾಗಿರಲಿಲ್ಲ. ತಂದ ಅಣಬೆಯನ್ನು ಅಕ್ಕಿಯ ಜೊತೆ ಬೇಯಿಸಿ ಪರೀಕ್ಷೆ ಮಾಡಿದ್ದರು. ವಿಷದ ಅಣಬೆಯಾದರೆ ಅನ್ನ ಕೆಂಪಾಗುತ್ತದೆ ಎಂಬುದು ಅವರ ನಂಬಿಕೆ. ಅನ್ನ ಕೆಂಪಾಗಲಿಲ್ಲ. ಅವರು ಊಟ ಮಾಡಿದರು.

ಏಷ್ಯಾದ ಭತ್ತದ ನಾಡುಗಳಲ್ಲಿ ಕೊಳೆತ ಹುಲ್ಲಿನ ಮೇಲೆ ಏಳುವ ಒಂದು ಅಣಬೆ ಬಹು ಜನಪ್ರಿಯ. ನಮ್ಮಲ್ಲಿ ಅದಕ್ಕೆ ಭತ್ತದ ಹುಲ್ಲಿನ ಅಣಬೆ ಎನ್ನುತ್ತಾರೆ. ಅದನ್ನು ಬೆಳೆಯುವವರೂ ಇದ್ದಾರೆ. ಎಳೆಯದರಲ್ಲಿ ಅದು ಮೊಟ್ಟೆಯಂತಿದ್ದು, ಅರಳಿದ ಮೇಲೆ ಬುಡದಲ್ಲಿ ಒಂದು ಚೀಲ ಉಳಿಯುತ್ತದೆ. ಯುರೋಪಿನ ‘ಡೆತ್ ಕ್ಯಾಪ್’ ಎಂಬ ಅಣಬೆಯೂ ಎಳೆಯದರಲ್ಲಿ ಮೊಟ್ಟೆಯಂತಿದ್ದು, ಬುಡದಲ್ಲಿ ಚೀಲ ಉಳಿಸಿಕೊಳ್ಳುತ್ತದೆ. ಹೆಸರೇ ಹೇಳುವಂತೆ ಅದು ಸಾವಿನ ಟೊಪ್ಪಿಗೆ. ಲೋಕದಲ್ಲಿ ಅಣಬೆ ತಿಂದು ಸಾಯುವವರಲ್ಲಿ ಬಹುಪಾಲು ಜನ ಇದರಿಂದ ಮತ್ತು ಇದರ ದಾಯಾದಿಗಳಿಂದ ಸಾಯುತ್ತಾರೆ. ಯುರೋಪಿನ ಮರಗಳ ಬೇರಿನ ಜೊತೆ ಅದು ಕ್ಯಾಲಿಫೋರ್ನಿಯಾಕ್ಕೂ ಆಸ್ಟ್ರೇಲಿಯಾಕ್ಕೂ ಹೋಗಿ ನೆಲೆಸಿತು. ಏಷ್ಯಾದ ಜನರೂ ಅಲ್ಲಿಗೆ ಹೋಗಿ ನೆಲೆಸಿದರು. ಎರಡು ವಲಸೆಗಳು ಒಂದು ಕಡೆ ಸಂಧಿಸಿದವು. ತಮ್ಮೂರಿನ ಅಣಬೆಯೇ ಸಿಕ್ಕಿತೆಂಬ ಸಂತೋಷದಲ್ಲಿ ಕಿತ್ತು ತಂದವರ ಪ್ರಕರಣಗಳು ಆ ಎರಡೂ ಕಡೆ ವರದಿಯಾಗಿವೆ. 2012ರ ಹೊಸ ವರ್ಷದ ಹೊತ್ತಿಗೆ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್ಬೆರಾದಲ್ಲಿ ಡೆತ್ ಕ್ಯಾಪ್ ಹಾಕಿದ ಅಡುಗೆ ಉಂಡು ಇಬ್ಬರು ಸತ್ತರು.

ಎರಡನ್ನೂ ಬೇರ್ಪಡಿಸುವ ಗುರುತು ಇದ್ದೇ ಇದೆ. ಡೆತ್ ಕ್ಯಾಪಿನ ದಂಟಿನ ಮೇಲೆ ಬಳೆಯಂಥ ಪೊರೆ ಇರುತ್ತದೆ. ಹುಲ್ಲಿನ ಅಣಬೆಗೆ ಇಲ್ಲ. ಡೆತ್ ಕ್ಯಾಪಿನ ಬೀಜಕಣ ಬಿಳಿ. ಹುಲ್ಲಿನ ಅಣಬೆಯದು ನಸುಗೆಂಪು. ಒಂದು ಮರದ ಬೇರನ್ನು ಆಶ್ರಯಿಸಿದ್ದು, ಇನ್ನೊಂದು ಕೊಳೆತ ಹುಲ್ಲನ್ನು. ಆದರೆ ಲಾವೋಸಿನ ಹಳ್ಳಿಯಲ್ಲಿ ಈ ವ್ಯತ್ಯಾಸ ಯಾರಿಗೂ ಬೇಕಾಗಿರಲಿಲ್ಲ. ಏಕೆಂದರೆ ಅಲ್ಲಿ ಗೊಂದಲ ಮಾಡುವ ಡೆತ್ ಕ್ಯಾಪ್ ಇರಲಿಲ್ಲ. ಬೇಕಿಲ್ಲದ ಗುರುತನ್ನು ಯಾವ ಅಜ್ಜಿಯೂ ಕಲಿಸುವುದಿಲ್ಲ.

ಹಳೆಯ ಪರೀಕ್ಷೆಗಳ ಗತಿ

ಅನ್ನ ಕೆಂಪಾಗುವ ಪರೀಕ್ಷೆಯಂಥವು ಎಲ್ಲ ದೇಶಗಳಲ್ಲೂ ಇವೆ. ಅಣಬೆಯ ಜೊತೆ ಬೆಳ್ಳಿ ನಾಣ್ಯ ಹಾಕಿ ಬೇಯಿಸಿದರೆ, ವಿಷವಿದ್ದಲ್ಲಿ ನಾಣ್ಯ ಕಪ್ಪಾಗುತ್ತದೆ ಎನ್ನುತ್ತಾರೆ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಡೆತ್ ಕ್ಯಾಪಿನ ವಿಷ ಬೆಳ್ಳಿಯ ಬಣ್ಣ ಕೆಡಿಸುವುದಿಲ್ಲ. ಬೆಳ್ಳುಳ್ಳಿ ಕಪ್ಪಾಗುತ್ತದೆ ಎಂಬುದೂ ಇಂಥದೇ ಮಾತು. ಹುಳ ತಿಂದ ಅಣಬೆಯನ್ನು ಮನುಷ್ಯನೂ ತಿನ್ನಬಹುದು ಎನ್ನುತ್ತಾರೆ. ಡೆತ್ ಕ್ಯಾಪನ್ನು ಗೊಂಡೆಹುಳಗಳೂ ಕೀಟಗಳೂ ನಿಶ್ಚಿಂತೆಯಿಂದ ತಿನ್ನುತ್ತವೆ. ಬಣ್ಣದ ಅಣಬೆ ಕೆಟ್ಟದ್ದು, ಬಿಳಿಯದು ಒಳ್ಳೆಯದು ಎಂಬ ಮಾತಂತೂ ಅತ್ಯಂತ ಅಪಾಯಕಾರಿ. ಅಚ್ಚ ಬಿಳಿಯ ಅಣಬೆಗಳಲ್ಲಿಯೂ ಕೊಲ್ಲುವಂಥವು ಇವೆ. ವಿಷದ್ದು ಕಹಿಯಾಗಿರುತ್ತದೆ ಎಂಬುದೂ ನಿಜವಲ್ಲ. ಡೆತ್ ಕ್ಯಾಪ್ ತಿಂದು ಬದುಕಿ ಬಂದವರು ಅದು ರುಚಿಯಾಗಿತ್ತೆಂದೇ ಹೇಳಿದ್ದಾರೆ.

ಈ ಪರೀಕ್ಷೆಗಳೆಲ್ಲ ಏಕೆ ಸೋಲುತ್ತವೆ? ಅಣಬೆಯ ವಿಷ ಎಂಬುದು ಒಂದೇ ವಸ್ತುವಲ್ಲ. ಬೇರೆ ಬೇರೆ ಅಣಬೆಗಳಲ್ಲಿ ಬೇರೆ ಬೇರೆ ರಾಸಾಯನಿಕಗಳಿವೆ. ಒಂದು ಹೊಟ್ಟೆ ಕೆಡಿಸುತ್ತದೆ, ಇನ್ನೊಂದು ನರಗಳನ್ನು ಹಿಡಿಯುತ್ತದೆ, ಮತ್ತೊಂದು ಮದ್ಯದ ಜೊತೆ ಸೇರಿದಾಗ ಮಾತ್ರ ಕಾಡುತ್ತದೆ. ಎಲ್ಲವನ್ನೂ ಒಂದೇ ನಾಣ್ಯದಿಂದ ಅಳೆಯುವುದು ಸಾಧ್ಯವಿಲ್ಲ.

ಡೆತ್ ಕ್ಯಾಪಿನ ವಿಷವಾದ ಅಮಾಟಾಕ್ಸಿನ್ ಕೆಲಸ ಮಾಡುವ ರೀತಿಯನ್ನು ತಿಳಿದಿರುವುದು ಒಳ್ಳೆಯದು. ಜೀವಕೋಶ ತನಗೆ ಬೇಕಾದ ಪ್ರೋಟೀನು ತಯಾರಿಸಿಕೊಳ್ಳಲು ವಂಶವಾಹಿಯ ಸಂದೇಶವನ್ನು ನಕಲು ಮಾಡಿಕೊಳ್ಳಬೇಕು. ಈ ವಿಷ ಆ ನಕಲು ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಮೊದಲ ಪೆಟ್ಟು ಬೀಳುವುದು ಯಕೃತ್ತಿಗೆ. ಬೇಯಿಸಿದರೂ, ಒಣಗಿಸಿದರೂ ವಿಷ ಹೋಗುವುದಿಲ್ಲ. ತಿಂದ 6ರಿಂದ 24 ಗಂಟೆಗಳವರೆಗೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಒಂದೆರಡು ದಿನದಲ್ಲಿ ಅದು ನಿಂತು ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಯಕೃತ್ತು ಕುಸಿಯುತ್ತಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಕಾಮಾಲೆ ಕಾಣಿಸಿಕೊಂಡಾಗ ಅಮೂಲ್ಯವಾದ ಸಮಯ ಕಳೆದುಹೋಗಿರುತ್ತದೆ. ತುಸು ತಿಂದು ನೋಡಿ, ಒಂದು ಗಂಟೆ ಕಾದು, ಏನೂ ಆಗದಿದ್ದರೆ ಉಳಿದದ್ದನ್ನು ತಿನ್ನುವ ಪರೀಕ್ಷೆ ಇಲ್ಲಿ ಪೂರ್ಣ ನಿರುಪಯೋಗಿ.

ಪಂಡಿತನೂ ತಪ್ಪಿದ

ಅಜ್ಜಿಯ ವಿದ್ಯೆಗೆ ಮಿತಿಯಿದೆ, ಪರೀಕ್ಷೆಗಳು ಸುಳ್ಳು. ಹಾಗಾದರೆ ಪುಸ್ತಕ ನಂಬಬಹುದೆ? ಜರ್ಮನಿಯ ಯೂಲಿಯಸ್ ಷೇಫರ್ ತನ್ನ ಕಾಲದ ದೊಡ್ಡ ಅಣಬೆ ತಜ್ಞರಲ್ಲಿ ಒಬ್ಬ. ಅವನು 1944ರಲ್ಲಿ ಅಣಬೆ ತಿಂದೇ ಸತ್ತ. ಗುರುತು ತಪ್ಪಿದ್ದರಿಂದಲ್ಲ. ‘ಪ್ಯಾಕ್ಸಿಲಸ್’ ಎಂಬ ಆ ಅಣಬೆಯನ್ನು ಚೆನ್ನಾಗಿ ಬೇಯಿಸಿದರೆ ತಿನ್ನಬಹುದೆಂದು ಆಗ ಯುರೋಪಿನ ಹಲವೆಡೆ ನಂಬಿಕೆಯಿತ್ತು. ಅದನ್ನು ಮತ್ತೆ ಮತ್ತೆ ತಿಂದವರಲ್ಲಿ ಕೆಲವರ ದೇಹ ತನ್ನದೇ ಕೆಂಪು ರಕ್ತಕಣಗಳನ್ನು ನಾಶ ಮಾಡಲು ತೊಡಗುತ್ತದೆ ಎಂಬುದು ಆಮೇಲೆ ತಿಳಿಯಿತು. ಫ್ರಾನ್ಸಿನಲ್ಲಿ ತಲೆಮಾರುಗಳಿಂದ ತಿನ್ನುತ್ತಿದ್ದ ಇನ್ನೊಂದು ಹಳದಿ ಅಣಬೆ ಸ್ನಾಯುಗಳನ್ನು ಕರಗಿಸಿ ಕೊಲ್ಲಬಲ್ಲದೆಂದು 2001ರಲ್ಲಿ ವೈದ್ಯರು ವರದಿ ಮಾಡಿದರು. ಹೆಸರು ಸರಿಯಾಗಿ ಗೊತ್ತಾದ ಮೇಲೂ ಎಚ್ಚರ ಬೇಕು ಎಂಬುದಕ್ಕೆ ಇವು ಸಾಕ್ಷಿ.

ಇಂದಿನ ಕಾಲದ ಹೊಸ ಅಡ್ಡದಾರಿ ಮೊಬೈಲ್ ಫೋನು. ಚಿತ್ರ ತೆಗೆದರೆ ಅಣಬೆಯ ಹೆಸರು ಹೇಳುವ ಆಪ್‌ಗಳು ಬಂದಿವೆ. 2023ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇಂಥ ಮೂರು ಆಪ್‌ಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಉತ್ತಮವಾದದ್ದು ಕೂಡ ಸುಮಾರು ಅರ್ಧದಷ್ಟು ಬಾರಿ ಮಾತ್ರ ಸರಿಯಾದ ಹೆಸರು ಹೇಳಿತು. ಕ್ಯಾಮರಾ ಬುಡದ ಚೀಲವನ್ನು ಅಗೆದು ನೋಡುವುದಿಲ್ಲ, ವಾಸನೆ ನೋಡುವುದಿಲ್ಲ. ಬೆಳ್ಳಿ ನಾಣ್ಯದ ಜಾಗಕ್ಕೆ ಈಗ ಇದು ಬಂದು ಕೂತಿದೆ ಎನ್ನಬೇಕು.

ಗುರುತಿಸುವ ಕ್ರಮ

ಹಾಗೆಂದು ಅಣಬೆಯ ಕಡೆ ಯಾರೂ ಸುಳಿಯಲೇಬಾರದೆಂದಲ್ಲ. ತಿನ್ನುವುದಕ್ಕಾಗಿ ಅಲ್ಲದೆ ತಿಳಿಯುವುದಕ್ಕಾಗಿ ನೋಡುವವರಿಗೆ ಇದು ಮುಗಿಯದ ಸಂತೋಷ. ಶಿಲೀಂಧ್ರಗಳಲ್ಲಿ 22 ಲಕ್ಷದಿಂದ 38 ಲಕ್ಷ ಪ್ರಭೇದಗಳಿರಬಹುದೆಂದು 2017ರಲ್ಲಿ ತಜ್ಞರು ಅಂದಾಜು ಮಾಡಿದರು. ಹೆಸರಿಟ್ಟಿರುವುದು ಅದರಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ. ಹಿತ್ತಿಲಿನ ಅಣಬೆಯೂ ಯಾವ ಪುಸ್ತಕದಲ್ಲಿಯೂ ಇಲ್ಲದಿರಬಹುದು.

ಅಭ್ಯಾಸ ಮಾಡಬಯಸುವವರು ಅಣಬೆಯನ್ನು ದಂಟು ಮುರಿದು ಕೀಳಬಾರದು. ಚಾಕುವಿನಿಂದ ಬುಡಸಮೇತ ಎಬ್ಬಿಸಬೇಕು. ಬುಡದಲ್ಲಿ ಚೀಲವಿದೆಯೆ, ದಂಟಿಗೆ ಬಳೆಯಿದೆಯೆ, ಪದರುಗಳು ದಂಟನ್ನು ಮುಟ್ಟುತ್ತವೆಯೆ, ಕೊಯ್ದರೆ ಬಣ್ಣ ಬದಲಾಗುತ್ತದೆಯೆ, ವಾಸನೆ ಎಂಥದು ಎಂದು ನೋಡಬೇಕು. ಸುತ್ತ ಯಾವ ಮರವಿದೆ, ಎದ್ದದ್ದು ಮಣ್ಣಿನಲ್ಲೋ, ಕೊಳೆತ ಮರದಲ್ಲೋ, ಸಗಣಿಯಲ್ಲೋ ಎಂದು ಗುರುತು ಹಾಕಿಕೊಳ್ಳಬೇಕು.

ಬೀಜಕಣದ ಬಣ್ಣ ತಿಳಿಯಲು ಪ್ರಯೋಗಾಲಯ ಬೇಡ. ದಂಟು ಕತ್ತರಿಸಿ, ಕೊಡೆಯನ್ನು ಪದರು ಕೆಳಗಾಗುವಂತೆ ಕಾಗದದ ಮೇಲಿಟ್ಟು, ಮೇಲೊಂದು ಲೋಟ ಮುಚ್ಚಿದರೆ ಸಾಕು. ಕಾಗದ ಅರ್ಧ ಬಿಳಿ, ಅರ್ಧ ಕಪ್ಪಾಗಿದ್ದರೆ ಅನುಕೂಲ. ಬೆಳಗಿನ ಹೊತ್ತಿಗೆ ಬೀಜಕಣಗಳು ಉದುರಿ, ಪದರುಗಳ ವಿನ್ಯಾಸವೇ ಕಾಗದದ ಮೇಲೆ ಅಚ್ಚಾಗಿರುತ್ತದೆ. ಡೆತ್ ಕ್ಯಾಪಿನ ಕುಲದ್ದು ಬಿಳಿ. ಹುತ್ತದ ಅಣಬೆಯದು ನಸುಗೆಂಪು. ಅಂಗಡಿಯಲ್ಲಿ ಸಿಗುವ ಬಟನ್ ಅಣಬೆಯ ಕುಲದ್ದು ಕಡು ಕಂದು. ಮಳೆ ಬಿದ್ದಾಗ ಉದ್ಯಾನಗಳ ಹುಲ್ಲುಹಾಸಿನಲ್ಲಿ ಏಳುವ ಒಂದು ದೊಡ್ಡ ಬಿಳಿಯ ಕೊಡೆಯದು ಮಾಸಲು ಹಸಿರು. ಭಾರತವೂ ಸೇರಿ ಉಷ್ಣವಲಯದ ಬಹಳ ಕಡೆ ಕಾಣುವ ಇದರ ಹೆಸರು ‘ಕ್ಲೋರೋಫಿಲಮ್’. ತಿಂದ ಒಂದರಿಂದ ಮೂರು ಗಂಟೆಯಲ್ಲಿ ವಿಪರೀತ ವಾಂತಿ ಭೇದಿ ತರಿಸುತ್ತದೆ. ಎಳೆಯದರಲ್ಲಿ ಪದರುಗಳೂ ಬಿಳಿಯಾಗಿಯೇ ಇರುವುದರಿಂದ, ಮಲೆನಾಡಿನಲ್ಲಿ ಬಿಳಿ ಅಣಬೆ ತಿಂದು ಬೆಳೆದು ಬೆಂಗಳೂರಿಗೆ ಬಂದವರು ಇದನ್ನು ಕಂಡಾಗ ಲಾವೋಸಿನವರ ಕಥೆಯನ್ನು ನೆನೆಯುವುದು ಒಳಿತು.

ಬೀಜಕಣದ ಬಣ್ಣವೂ ತಿನ್ನಬಹುದೆ ಎಂಬುದನ್ನು ಹೇಳುವುದಿಲ್ಲ. ನಸುಗೆಂಪು ಬೀಜಕಣದ ವಿಷ ಅಣಬೆಗಳೂ ಇವೆ. ಅದು ಹಲವು ಗುರುತುಗಳಲ್ಲಿ ಒಂದು. ಹುಡುಕುವ ಬೀದಿಯನ್ನು ತೋರಿಸುತ್ತದೆ, ಮನೆಯ ನಂಬರನ್ನಲ್ಲ.

ಅಕಸ್ಮಾತ್ ಅಣಬೆ ತಿಂದ ಮೇಲೆ ತೊಂದರೆಯಾದರೆ ಮನೆಮದ್ದಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳಿದ ಅಣಬೆ, ಬೇಯಿಸಿದ ಪಲ್ಯ, ಕಸಕ್ಕೆ ಎಸೆದ ಬುಡ ಏನು ಸಿಕ್ಕಿದರೂ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಬೇಕು. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಎಂಬ ಎರಡು ಸಮಯಗಳನ್ನು ವೈದ್ಯರಿಗೆ ಹೇಳಬೇಕು. ಜೊತೆಯಲ್ಲಿ ಉಂಡವರು ಆರಾಮವಾಗಿದ್ದರೂ ಅವರನ್ನೂ ಕರೆದೊಯ್ಯಬೇಕು. ವಾಂತಿ ತಡವಾಗಿ ಶುರುವಾದಷ್ಟೂ ಅಪಾಯ ಹೆಚ್ಚೆಂದು ತಿಳಿಯಬೇಕು.

ಒಂದು ಅಣಬೆಯ ಪರಿಚಯ

ಮೊದಲ ಪ್ರಶ್ನೆಗೆ ಈಗ ಹಿಂತಿರುಗಬಹುದು. ಹೆಕ್ಕಿ ತಿಂದು ಅಭ್ಯಾಸವಿರುವವರೂ ಏಕೆ ಮೋಸ ಹೋಗುತ್ತಾರೆ? ಅಸ್ಸಾಮಿನ ಚಹಾ ತೋಟಗಳ ಜನರ ಹಿರಿಯರು ಜಾರ್ಖಂಡ, ಒಡಿಶಾ ಮುಂತಾದ ದೂರದ ಸೀಮೆಗಳಿಂದ ಬ್ರಿಟಿಷರ ಕಾಲದಲ್ಲಿ ಕೂಲಿಗಾಗಿ ಬಂದವರು. ಊರು ಬಿಟ್ಟು ಬರುವಾಗ ಊಟದ ರುಚಿಯನ್ನು ಹೊತ್ತು ತರಬಹುದು; ಹುತ್ತವನ್ನೂ ಮರವನ್ನೂ ತರಲಾಗುವುದಿಲ್ಲ. ಹೊಸ ನೆಲದ ಅಣಬೆಗಳನ್ನು ಮೊದಲಿನಿಂದ ಕಲಿಯಬೇಕು. ಅದರ ಮೇಲೆ ಬಡತನವೂ ಸೇರಿದರೆ, ಮಳೆ ಬಿದ್ದ ಮರುದಿನ ಬೇಲಿಯ ಬದಿಯಲ್ಲಿ ಬಿಟ್ಟಿ ಸಿಕ್ಕಿದ ಅಡುಗೆಯನ್ನು ಸಂಶಯದಿಂದ ನೋಡುವ ವ್ಯವಧಾನ ಯಾರಿಗಿರುತ್ತದೆ?

ಅಣಬೆಯ ವಿದ್ಯೆ ಬಲ್ಲವರೆಂದರೆ ಎಲ್ಲ ಅಣಬೆಗಳನ್ನೂ ಬಲ್ಲವರಲ್ಲ. ನಾಲ್ಕೋ ಐದೋ ಅಣಬೆಗಳನ್ನು ಬುಡದಿಂದ ತುದಿಯವರೆಗೆ ಬಲ್ಲವರು; ಉಳಿದದ್ದು ತಮಗೆ ಗೊತ್ತಿಲ್ಲವೆಂದು ಬಲ್ಲವರು. ಮಲೆನಾಡಿನ ಅಜ್ಜಿಗೆ ಅಪರಿಚಿತ ಅಣಬೆಯೊಂದನ್ನು ತೋರಿಸಿದರೆ ಅವರು ನಾಣ್ಯ ಹುಡುಕುವುದಿಲ್ಲ. ‘ಇದು ನಮ್ಮದಲ್ಲ’ ಎಂದು ಪಕ್ಕಕ್ಕೆ ಸರಿಸಿ ಮುಂದೆ ನಡೆಯುತ್ತಾರೆ.

ಆ ಅಜ್ಜಿಯರ ಸಂಖ್ಯೆ ಕಡಿಮೆಯಾಗುತ್ತಿದೆ. ಹುತ್ತಗಳನ್ನು ಸಮ ಮಾಡಿ ಸೈಟು ಮಾಡಲಾಗುತ್ತಿದೆ, ತೋಟಗಳಿಗೆ ಗೆದ್ದಲಿನ ಔಷಧಿ ಬೀಳುತ್ತಿದೆ. ಹುತ್ತದ ಅಣಬೆಯನ್ನು ಬಟನ್ ಅಣಬೆಯಂತೆ ವಾಣಿಜ್ಯ ಪ್ರಮಾಣದಲ್ಲಿ ಬೆಳೆಯುವುದು ಇನ್ನೂ ಕೈಗೂಡಿಲ್ಲ. ಗೆದ್ದಲಿಲ್ಲದೆ ಅದು ಏಳುವುದಿಲ್ಲ. ಹುತ್ತ ಹೋದರೆ ಅಣಬೆಯೂ ಹೋಯಿತು, ಅದನ್ನು ಗುರುತಿಸುವ ಕಣ್ಣೂ ಹೋಯಿತು.

ಈ ಮಳೆಗಾಲದಲ್ಲಿ ಊರಿಗೆ ಹೋಗುವವರು ಅಜ್ಜಿಯೋ ಅತ್ತೆಯೋ ಇದ್ದರೆ ಅವರ ಹಿಂದೆ ಒಂದು ಬೆಳಿಗ್ಗೆ ಗುಡ್ಡಕ್ಕೆ ಹೋಗಿ ಬರಲಿ. ಜಾಗ, ಕಾಲ, ಮೊನೆ, ಬೇರು ನಾಲ್ಕನ್ನೂ ಕೇಳಿ ಬರೆದಿಟ್ಟುಕೊಳ್ಳಲಿ. ಒಂದು ಅಣಬೆಯ ಪೂರ್ಣ ಪರಿಚಯವಾದರೂ ಸಾಕು. ಎಲ್ಲವನ್ನೂ ಕೀಳದೆ ಒಂದೆರಡು ಕೊಡೆಗಳನ್ನು ಅರಳಲು ಬಿಡಲಿ, ಹುತ್ತಕ್ಕೆ ಗುದ್ದಲಿ ತಾಗದಿರಲಿ. ಮುಂದಿನ ವರ್ಷವೂ ಅಣಬೆ ಅಲ್ಲಿಯೇ ಏಳಬೇಕಾಗಿದೆ.